ಕುತ್ಲೂರಿನಿಂದ ಕೊಣಾಜೆಗೆ

ಸಾಸವಡದಿಂದ ಪುಣೆಗೆ ಮೂವತ್ತು ಕಿಲೋಮೀಟರು. ದಿವೇ ಘಾಟ್ ಇಳಿದರೆ ಹಡಪಸರ, ಅಲ್ಲಿಂದ ಮುಂದೆ ಪೇಟೆಯೇ ಪೇಟೆ. ಬೆಳಗಿನ ಬಸ್ಸು ಹಿಡಿದು ಪುಣೆಯ ಕಾಲೇಜಿಗೆ ಹೋಗಿ ಸಂಜೆಗೆ ಮನೆ ಸೇರುವುದು ಇಲ್ಲಿನ ಮಕ್ಕಳಿಗೆ ಈಗ ದೊಡ್ಡ ಸಂಗತಿಯಲ್ಲ. ಇದೇ ಪುರಂದರ ತಾಲೂಕಿನ ಕೋಡಿತದಲ್ಲಿ 1898ರಲ್ಲಿ ಹುಟ್ಟಿದ ಪ್ರಹ್ಲಾದ ಕೇಶವ ಅತ್ರೆ, ಮುಂದೆ ಮಹಾರಾಷ್ಟ್ರವೆಲ್ಲ ಆಚಾರ್ಯ ಅತ್ರೆ ಎಂದು ಕರೆದ ಲೇಖಕ, ಫರ್ಗುಸನ್ ಕಾಲೇಜಿನಲ್ಲಿ ಓದಿ, ಅಧ್ಯಾಪನದ ಡಿಪ್ಲೊಮಾಕ್ಕೆಂದು ಲಂಡನ್ನಿಗೂ ಹೋಗಿ ಬಂದರು.

ಅದೇ ತಾಲೂಕಿನ ಭಿವಡಿಯಲ್ಲಿ ಅವರಿಗಿಂತ ನೂರು ವರ್ಷ ಮೊದಲು ಹುಟ್ಟಿದ ಇನ್ನೊಬ್ಬ ಓದು ಬರಹ ಕಲಿತದ್ದು ಜೈಲಿನಲ್ಲಿ. ಆತ ಉಮಾಜಿ ನಾಯಕ, ರಾಮೋಶಿ ಸಮುದಾಯದವನು. ಪುರಂದರ ಕೋಟೆಯ ಕಾವಲು ರಾಮೋಶಿಗಳ ವಂಶದ ಕೆಲಸವಾಗಿತ್ತು. ಪೇಶ್ವೆಯ ಆಳ್ವಿಕೆ ಮುಗಿದು ಕಂಪನಿ ಸರ್ಕಾರ ಬಂದಾಗ ಕಾವಲೂ ಹೋಯಿತು, ಕಾವಲಿಗೆ ಸಿಗುತ್ತಿದ್ದ ಭೂಮಿಯೂ ಹೋಯಿತು. ಉಮಾಜಿ ಒಮ್ಮೆ ಸಿಕ್ಕಿಬಿದ್ದು ಸೆರೆಯಲ್ಲಿ ಕಳೆದ ಅವಧಿಯಲ್ಲಿ ಅಕ್ಷರ ಕಲಿತ ಎಂಬುದು ಅವನ ಚರಿತ್ರೆ ಹೇಳುವವರೆಲ್ಲ ಮರೆಯದೆ ಹೇಳುವ ಮಾತು. ಹೊರಗೆ ಬಂದು ಮತ್ತೆ ದಂಡು ಕಟ್ಟಿದ. 1832ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಮರುವರ್ಷ, 1833ರಲ್ಲಿ, ಅವನನ್ನು ಹಿಡಿಯುವ ಕಾರ್ಯಾಚರಣೆಯಲ್ಲಿದ್ದ ಕ್ಯಾಪ್ಟನ್ ಅಲೆಕ್ಸಾಂಡರ್ ಮೆಕಿಂಟಾಷ್ ರಾಮೋಶಿಗಳ ಬಗ್ಗೆ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದ. ಸಮುದಾಯದ ಮೂಲ, ನಡವಳಿಕೆ, ಉಮಾಜಿಯ ಬದುಕು ಎಲ್ಲವೂ ಅದರಲ್ಲಿವೆ. ಇವತ್ತಿಗೂ ರಾಮೋಶಿಗಳ ಬಗ್ಗೆ ಬರೆಯುವವರು ಆ ಪುಸ್ತಕವನ್ನು ದಾಟಿ ಹೋಗುವಂತಿಲ್ಲ.

ಬೆಟ್ಟದಲ್ಲಿ ಗಲಾಟೆ ಎದ್ದಾಗಲೆಲ್ಲ ಸರ್ಕಾರ ಅಲ್ಲಿನ ಜನರನ್ನು ಓದುತ್ತದೆ. ಅವರ ಪಟ್ಟಿ ಮಾಡುತ್ತದೆ, ದಾರಿಗಳನ್ನು ಗುರುತು ಮಾಡುತ್ತದೆ, ಯಾರ ಮನೆಗೆ ಯಾರು ಬಂದರು ಎಂದು ಬರೆದಿಡುತ್ತದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಂಥ ಓದಿಗೆ ಕಾನೂನಿನ ರೂಪ ಕೊಟ್ಟಿತು. ಅದು ಪೂರ್ತಿ ರದ್ದಾದದ್ದು 1952ರಲ್ಲಿ. ಅದರ ಗುರುತು ಕಾಲೇಜು ಪ್ರವೇಶದ ಅರ್ಜಿಯಲ್ಲಿ ಇನ್ನೂ ಇದೆ. ಮಹಾರಾಷ್ಟ್ರದಲ್ಲಿ ರಾಮೋಶಿ ಮತ್ತು ಬೇರಡ ಇಬ್ಬರೂ 'ವಿಮುಕ್ತ ಜಾತಿ'ಯ ಪಟ್ಟಿಯಲ್ಲಿದ್ದಾರೆ. ಬೇರಡ ಎಂದರೆ ನಮ್ಮ ಬೇಡರೇ. ಕರ್ನಾಟಕದಲ್ಲಿ ಬೇಡ, ಬೇಡರ್, ವಾಲ್ಮೀಕಿ ಹೆಸರುಗಳು 1991ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. ಜತ್ತದ ಬೇಡರ ಹುಡುಗಿಗೂ ವಿಜಯಪುರದ ಬೇಡರ ಹುಡುಗಿಗೂ ಮನೆಮಾತು ಒಂದೇ, ನೆಂಟಸ್ತನವೂ ಇರಬಹುದು. ಕಾಲೇಜಿನ ಕೌಂಟರಿನಲ್ಲಿ ಮಾತ್ರ ಇಬ್ಬರೂ ಬೇರೆ ಬೇರೆ ಕಾಲಂಗೆ ಸೇರುತ್ತಾರೆ.

ಆದರೆ ಈ ಬರಹ ಮೀಸಲಾತಿಯ ಕಾಲಂಗಳ ಬಗ್ಗೆ ಅಲ್ಲ. ಓದಲು ಹೊರಟ ಬೆಟ್ಟದ ಹುಡುಗನೊಬ್ಬನನ್ನು ಸರ್ಕಾರ ಓದಿದ ಬಗೆಯನ್ನು ಕುರಿತದ್ದು. ಪುರಂದರದ ಬೆಟ್ಟಗಳು ಸಹ್ಯಾದ್ರಿಯ ಒಂದು ಕವಲು. ಅದೇ ಸಹ್ಯಾದ್ರಿಯನ್ನು ಹಿಡಿದು ದಕ್ಷಿಣಕ್ಕೆ ಹೋದರೆ ಗೋವಾ ದಾಟಿ, ಉತ್ತರ ಕನ್ನಡ ದಾಟಿ, ಕುದುರೆಮುಖ ಸಿಗುತ್ತದೆ. ಕುದುರೆಮುಖದ ಪಡುವಣ ಬುಡದಲ್ಲಿ, ಬೆಳ್ತಂಗಡಿ ತಾಲೂಕಿನ ನಾರಾವಿಯ ಹತ್ತಿರ, ಕುತ್ಲೂರು ಎಂಬ ಊರಿದೆ. 2012ರ ಮಾರ್ಚ್ 3ರಂದು ನಕ್ಸಲ್ ನಿಗ್ರಹ ಪಡೆಯವರು ಆ ಊರಿನಿಂದ ಇಬ್ಬರನ್ನು ಹಿಡಿದೊಯ್ದರು. ಒಬ್ಬರು ಲಿಂಗಣ್ಣ ಮಲೆಕುಡಿಯ. ಇನ್ನೊಬ್ಬರು ಅವರ ಮಗ ವಿಠಲ ಮಲೆಕುಡಿಯ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ವಿದ್ಯಾರ್ಥಿ. ಆಗ ಅವರಿಗೆ ಇಪ್ಪತ್ಮೂರು ವರ್ಷ.

ಕುಡಿ ಎಂದರೆ ತುದಿ. ಮಲೆಯ ತುದಿಯಲ್ಲಿರುವವರು ಮಲೆಕುಡಿಯರು. ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳ ಘಟ್ಟದ ಅಂಚಿನಲ್ಲಿ ಅವರ ಮನೆಗಳು ಒಂದಕ್ಕೊಂದು ದೂರ ದೂರ ಇರುತ್ತವೆ. ಸ್ವಲ್ಪ ಅಡಿಕೆ, ಸ್ವಲ್ಪ ಗದ್ದೆ, ಕಾಡಿನ ಉತ್ಪತ್ತಿ, ಬೇರೆಯವರ ತೋಟದಲ್ಲಿ ಕೂಲಿ. ಘಟ್ಟದ ಕೆಳಗಿನವರ ಮನೆಯಲ್ಲಿ ತುಳು. ಶಾಲೆಗೆ ಹೋದರೆ ಕನ್ನಡ. ಪಿಯುಸಿ ದಾಟುವ ಹೊತ್ತಿಗೆ ಇಂಗ್ಲಿಷ್. ಪೇಟೆಯ ಮಗು ಒಂದೇ ಮೆಟ್ಟಿಲು ಹತ್ತುವಲ್ಲಿ ಇವರು ಎರಡು ಹತ್ತಬೇಕು, ಅದೂ ಹೊಳೆ ದಾಟಿ, ಕಾಡು ಹಾದು, ಬಸ್ಸು ನಿಲ್ಲುವ ಜಾಗಕ್ಕೆ ಬಂದ ಮೇಲೆ. ಮಳೆಗಾಲ ಬಂದರೆ ಹೊಳೆಯೇ ಹಾಜರಾತಿ ಪುಸ್ತಕ ಬರೆಯುತ್ತದೆ. ಐದನೆಯ ತರಗತಿಗೋ ಎಂಟಕ್ಕೋ ಹಾಸ್ಟೆಲ್ ಸೇರದಿದ್ದರೆ ಓದು ಅಲ್ಲಿಗೇ ನಿಲ್ಲುತ್ತದೆ. ಸೇರಿದರೆ ಮಗು ಮನೆಯಿಂದ ದೂರವಾಗುತ್ತದೆ. ಎರಡರಲ್ಲಿ ಒಂದನ್ನು ಅಪ್ಪ ಅಮ್ಮ ಆರಿಸಿಕೊಳ್ಳಬೇಕು.

ಇಷ್ಟು ತೊಂದರೆ ಮಲೆನಾಡಿನ ಬಹಳ ಊರುಗಳಿಗೆ ಇದ್ದದ್ದೇ. ಕುದುರೆಮುಖದ ಸುತ್ತಿನವರಿಗೆ ಅದರ ಮೇಲೆ ಇನ್ನೊಂದು ಬಂತು. 1987ರಲ್ಲಿ ಸರ್ಕಾರ ಆ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡುವ ಮೊದಲ ಅಧಿಸೂಚನೆ ಹೊರಡಿಸಿತು. ಅಂತಿಮ ಅಧಿಸೂಚನೆ 2001ರಲ್ಲಿ ಬಂತು. ಸುಮಾರು 600 ಚದರ ಕಿಲೋಮೀಟರಿನ ಆ ಗಡಿಯೊಳಗೆ ತಲೆಮಾರುಗಳಿಂದ ಮನೆ ಮಾಡಿಕೊಂಡಿದ್ದವರು ಇದ್ದಕ್ಕಿದ್ದಂತೆ ಕಾನೂನಿನ ಕಣ್ಣಿನಲ್ಲಿ ಇರಬಾರದವರಾದರು. ಉದ್ಯಾನದೊಳಗೆ ಹೊಸ ರಸ್ತೆ ಮಾಡುವಂತಿಲ್ಲ, ಕಂಬ ನೆಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ, ಸೇತುವೆಗೂ ಅನುಮತಿ. ಇದೇ ಬೆಟ್ಟಸಾಲಿನಲ್ಲಿ 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಗುಡ್ಡವನ್ನೇ ಬಗೆಯುತ್ತಿತ್ತು. ಸುಪ್ರೀಂ ಕೋರ್ಟಿನ 2002ರ ಆದೇಶದಿಂದ ಗಣಿ ನಿಂತದ್ದು 2005ರ ಕೊನೆಗೆ. ಅದಿರು ಸಾಗಿಸಲು ದಾರಿ, ವಿದ್ಯುತ್ತು, ಕೊಳವೆ ಎಲ್ಲವೂ ಆದ ಕಾಡಿನಲ್ಲಿ ಶಾಲೆಗೆ ಹೋಗುವ ದಾರಿಗೆ ಕಾನೂನು ಅಡ್ಡ ಬಂತು. ಊರಿನವರು ಇದನ್ನು ಗಮನಿಸದೆ ಇರಲು ಸಾಧ್ಯವಿರಲಿಲ್ಲ.

ಒಕ್ಕಲೆಬ್ಬಿಸುವ ಭಯ ಇದ್ದಲ್ಲಿಗೆ ನಕ್ಸಲರು ಬಂದರು. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಹಾಜಿಮಾ ಮತ್ತು ಪಾರ್ವತಿ ಎಂಬ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದಾಗ ಮಲೆನಾಡಿನ ನಕ್ಸಲ್ ಚಳವಳಿ ರಾಜ್ಯಕ್ಕೆಲ್ಲ ಸುದ್ದಿಯಾಯಿತು. 2005ರ ಫೆಬ್ರವರಿಯಲ್ಲಿ ಅದರ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯ ಕಾಡಿನಲ್ಲಿ ಸತ್ತರು. ಆಮೇಲಿನ ವರ್ಷಗಳಲ್ಲಿ ಪೊಲೀಸರಿಗೆ ಮಾಹಿತಿ ಕೊಟ್ಟರೆಂಬ ಅನುಮಾನದ ಮೇಲೆ ನಕ್ಸಲರು ಊರಿನವರನ್ನೇ ಕೊಂದದ್ದೂ ಇದೆ, ಎನ್‌ಕೌಂಟರಿನಲ್ಲಿ ಊರಿನವರೇ ಸತ್ತದ್ದೂ ಇದೆ. ಕುತ್ಲೂರಿನ ವಸಂತ ಎಂಬ ಯುವಕ 2010ರಲ್ಲಿ ಹಾಗೆ ಸತ್ತವರಲ್ಲಿ ಒಬ್ಬ. ರಾತ್ರಿ ಬಂದು ಅಕ್ಕಿ ಕೇಳುವವರು ಬಂದೂಕು ಹಿಡಿದಿರುತ್ತಾರೆ. ಬೆಳಗ್ಗೆ ಬಂದು ಅಕ್ಕಿ ಏಕೆ ಕೊಟ್ಟಿರಿ ಎಂದು ಕೇಳುವವರ ಕೈಯಲ್ಲೂ ಬಂದೂಕು ಇರುತ್ತದೆ. ಕಾಡಂಚಿನ ಒಂಟಿ ಮನೆಗಳಿಗೆ ಇದರ ನಡುವೆ ಬೇರೆ ದಾರಿ ಇರಲಿಲ್ಲ.

ಇಂಥ ಊರಿನಿಂದ ವಿಠಲ ಅವರು ಕೊಣಾಜೆಯ ಮಂಗಳಗಂಗೋತ್ರಿಗೆ ಹೋದರು. ಅಲ್ಲಿ ಹಾಸ್ಟೆಲಿನಲ್ಲಿದ್ದು ಎಂ.ಸಿ.ಜೆ. ಓದುತ್ತಿದ್ದರು. ಹೊರಗಿನವರಿಗೆ ಇದು ಬರೀ ಒಂದು ಸೀಟು. ಊರಿನಲ್ಲಿ ರಸ್ತೆಗೆ, ಸೇತುವೆಗೆ, ಭೂಮಿಯ ಹಕ್ಕುಪತ್ರಕ್ಕೆ ಅರ್ಜಿ ಬರೆದುಕೊಡುವವರು ಬೇಕಿರುತ್ತದೆ. ತಹಶೀಲ್ದಾರರ ಕಚೇರಿಯಲ್ಲಿ ನಿಂತು ಮಾತಾಡುವವರು ಬೇಕಿರುತ್ತದೆ. ಕಾಲೇಜಿಗೆ ಹೋದ ಹುಡುಗ ಊರಿಗೆ ಆ ಕೆಲಸದವನೂ ಆಗಿಬಿಡುತ್ತಾನೆ. ವಿಠಲ ಅವರು ಯುವಜನರ ಸಂಘಟನೆಯಲ್ಲಿದ್ದರು, ಊರಿನ ಬೇಡಿಕೆಗಳ ಬಗ್ಗೆ ಮಾತಾಡುತ್ತಿದ್ದರು. ಓದಿದವನು ಕಣ್ಣಿಗೆ ಬೀಳುತ್ತಾನೆ. ಓದದವರು ಸುಮ್ಮನೆ ಅಡಿಕೆ ಸುಲಿಯುತ್ತ ಕೂತಿದ್ದರೆ ಅನುಮಾನ ಪಡಲು ಕಾರಣ ಹುಡುಕಬೇಕು.

ಪೊಲೀಸರ ಆರೋಪ, ತಂದೆ ಮಗ ಇಬ್ಬರೂ ನಕ್ಸಲರಾದ ವಿಕ್ರಂ ಗೌಡ, ಸುಂದರಿ ಮೊದಲಾದವರಿಗೆ ನೆರವಾಗುತ್ತಿದ್ದರು ಎಂಬುದು. ರಾಜದ್ರೋಹ, ಒಳಸಂಚು, ಮೇಲೆ ಯುಎಪಿಎ ಎಂದು ಎಲ್ಲರೂ ಕರೆಯುವ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ. ಸಾಕ್ಷ್ಯವೆಂದು ತೋರಿಸಿದ್ದರಲ್ಲಿ ಮುಖ್ಯವಾದವು ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಯಿಂದ ಕತ್ತರಿಸಿಟ್ಟ ಲೇಖನಗಳು, ಊರಿಗೆ ಮೂಲಸೌಕರ್ಯ ಬರುವವರೆಗೆ ಚುನಾವಣೆ ಬಹಿಷ್ಕರಿಸಬೇಕೆಂದು ಬರೆದ ಒಂದು ಪತ್ರ.

ಮಹಜರಿನ ಭಾಷೆ ವಿಚಿತ್ರವಾದದ್ದು. ಅದರಲ್ಲಿ ಎಲ್ಲವೂ ಒಂದೇ ತೂಕದ ವಸ್ತು. ಕತ್ತಿ ಒಂದು, ಚೀಲ ಒಂದು, ಪುಸ್ತಕ ಒಂದು. ವಿಶ್ವವಿದ್ಯಾಲಯದ ಗ್ರಂಥಾಲಯದ ಕಪಾಟಿನಲ್ಲಿರುವಾಗ ಪುಸ್ತಕಕ್ಕೆ ಒಂದು ನಂಬರು ಇರುತ್ತದೆ. ಅದು ಯಾವ ವಿಷಯದ್ದು, ಪಕ್ಕದಲ್ಲಿ ಯಾವ ಪುಸ್ತಕವಿರಬೇಕು ಎಂದು ಆ ನಂಬರು ಹೇಳುತ್ತದೆ. ಮನೆಯಿಂದ ಪೊಲೀಸರು ಒಯ್ದ ಪುಸ್ತಕಕ್ಕೂ ನಂಬರು ಸಿಗುತ್ತದೆ. ಆ ನಂಬರಿಗೆ ಪುಸ್ತಕದ ಒಳಗಿನದು ಬೇಕಿಲ್ಲ. ಪತ್ರಿಕೋದ್ಯಮದ ವಿದ್ಯಾರ್ಥಿ ಪತ್ರಿಕೆಯ ಲೇಖನ ಕತ್ತರಿಸಿ ಇಟ್ಟುಕೊಳ್ಳುವುದು ಅವನ ಮನೆಪಾಠ. ಅದೇ ವಿಭಾಗದಲ್ಲಿ ಓದುವ ಮಂಗಳೂರು ಪೇಟೆಯ ಹುಡುಗನ ಕೋಣೆಯಲ್ಲಿ ಅದೇ ಕತ್ತರಿಕೆಗಳು ಸಿಕ್ಕಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಕಾಗದ ಒಂದೇ. ಸಿಕ್ಕಿದ ಮನೆಯ ವಿಳಾಸ ಬೇರೆ.

ಜೈಲಿನಲ್ಲಿದ್ದಾಗ ಪರೀಕ್ಷೆ ಬಂತು. ವಿಠಲ ಅವರು ಕೈಕೋಳದಲ್ಲಿ ಪರೀಕ್ಷೆ ಬರೆಯಬೇಕಾಯಿತು. ಸುದ್ದಿ ಹರಡಿ ಸಾಕಷ್ಟು ಟೀಕೆ ಬಂತು. ವಿಚಾರಣಾಧೀನ ಕೈದಿಗೆ ಸುಮ್ಮಸುಮ್ಮನೆ ಕೈಕೋಳ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 1980ರಲ್ಲೇ, ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ, ಹೇಳಿಯಾಗಿತ್ತು. ಆ ತೀರ್ಪು ಬರೆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಹೆಸರು ಪತ್ರಿಕೋದ್ಯಮದ ಹುಡುಗರು ಮಾಧ್ಯಮ ಕಾನೂನಿನ ಪಾಠದಲ್ಲಿ ಕೇಳಿರುತ್ತಾರೆ.

ಕೈಕೋಳದ ಚಿತ್ರ ಎಲ್ಲರಿಗೂ ನೆನಪಿರುತ್ತದೆ. ಕಾಣದ ಪೆಟ್ಟುಗಳು ಬೇರೆ ಇವೆ, ಅವು ನಿಧಾನ. ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು. ಬಂಧನವಾದರೆ ಹಾಜರಾತಿ ಅಲ್ಲಿಗೆ ನಿಂತಿತು. ಕಾಯಿಲೆಯಾದರೆ ವೈದ್ಯರ ಚೀಟಿ ತಂದು ವಿನಾಯಿತಿ ಕೇಳಬಹುದು, ಕ್ರೀಡಾಪಟುವಾದರೆ ಕ್ರೀಡಾ ವಿಭಾಗದ ಪತ್ರ ಸಾಕು. ವಿಚಾರಣೆಗೆ ಮುಂಚೆ ಜೈಲಿನಲ್ಲಿ ಕಳೆದ ದಿನಗಳಿಗೆ ಅಂಥ ಸಿದ್ಧ ಚೀಟಿ ಇಲ್ಲ. ಹಾಜರಾತಿ ಇಲ್ಲದೆ ವಿದ್ಯಾರ್ಥಿವೇತನ ಇಲ್ಲ. ವಿದ್ಯಾರ್ಥಿಯೇ ಅಲ್ಲದವನಿಗೆ ಹಾಸ್ಟೆಲ್ ಇಲ್ಲ. ಹಾಸ್ಟೆಲ್ ಇಲ್ಲದೆ ಕುತ್ಲೂರಿನಂಥ ಊರಿನವರಿಗೆ ಕೊಣಾಜೆಯೇ ಇಲ್ಲ. ಒಂದನ್ನು ಎಳೆದರೆ ಸಾಲಾಗಿ ಎಲ್ಲವೂ ಬೀಳುವಂತೆ ಬಡವರ ಉನ್ನತ ಶಿಕ್ಷಣ ಕಟ್ಟಿಕೊಂಡಿದೆ. ಹಣವಿದ್ದವರ ಮನೆಯ ಮಗ ಒಂದು ವರ್ಷ ಕಳೆದುಕೊಂಡರೆ ಮುಂದಿನ ವರ್ಷ ಮತ್ತೆ ಸೇರುತ್ತಾನೆ. ಮನೆಯ ಮೊದಲ ಸ್ನಾತಕೋತ್ತರ ವಿದ್ಯಾರ್ಥಿಗೆ ಎರಡನೆಯ ಸಲ ಎಂಬುದು ಸಿಗುವುದೇ ಅಪರೂಪ.

ಮತ್ತೊಂದು ಪೆಟ್ಟು ಊರಿಗೆ. ಕಾಲೇಜಿಗೆ ಹೋದ ಹುಡುಗನನ್ನೇ ಮೊದಲು ಹಿಡಿದರು ಎಂಬ ಮಾತು ಪಕ್ಕದ ಮನೆಗಳಲ್ಲಿ ಏನು ಮಾಡುತ್ತದೆ ಎಂಬುದನ್ನು ಯಾವ ಸಮೀಕ್ಷೆಯೂ ಅಳೆಯುವುದಿಲ್ಲ. ಮಗ ಅರ್ಜಿ ಬರೆಯುವುದು ಬೇಡ, ಮಗಳು ಸಭೆಗೆ ಹೋಗುವುದು ಬೇಡ ಎಂದು ಹಿರಿಯರು ಹೇಳಿದರೆ ತಪ್ಪು ಎನ್ನಲಾದೀತೆ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿಯ ಪ್ರಕಾರ ಕಾಲೇಜು ವಯಸ್ಸಿನವರಲ್ಲಿ ದಾಖಲಾದವರ ಪ್ರಮಾಣ ಒಟ್ಟಾರೆ 28.4, ಪರಿಶಿಷ್ಟ ಪಂಗಡದಲ್ಲಿ 21.2. ಈ ಏಳು ಅಂಕದ ಅಂತರಕ್ಕೆ ಬಡತನ, ದೂರ, ಭಾಷೆ ಎಂಬ ಕಾರಣಗಳನ್ನು ಎಲ್ಲರೂ ಕೊಡುತ್ತಾರೆ, ಅವು ನಿಜವೂ ಹೌದು. ಹೆದರಿ ಓದು ಬಿಟ್ಟವರಿಗೆ ಆ ನಮೂನೆಯಲ್ಲಿ ಜಾಗವಿಲ್ಲ.

ನಿಗದಿತ ಅವಧಿಯೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದ ಕಾರಣ ಕೆಲವು ತಿಂಗಳ ನಂತರ ತಂದೆ ಮಗನಿಗೆ ಜಾಮೀನು ಸಿಕ್ಕಿತು. ಪ್ರಕರಣ ಹಾಗೆಯೇ ಉಳಿಯಿತು. ಜಾಮೀನು ಎಂದರೆ ಬಿಡುಗಡೆ ಎಂದು ಹೊರಗಿನವರು ತಿಳಿಯುತ್ತಾರೆ. ಮನೆಯವರಿಗೆ ಗೊತ್ತು, ಅದು ಮುಂದಿನ ತಾರೀಖಿನವರೆಗಿನ ಸಮಯ. ವಿಚಾರಣೆಯ ದಿನ ಕೂಲಿ ಬಿಟ್ಟು ಹೋಗಬೇಕು. ನ್ಯಾಯಾಧೀಶರು ರಜೆಯಲ್ಲಿದ್ದರೆ ಇನ್ನೊಂದು ದಿನ, ಸಾಕ್ಷಿ ಬಾರದಿದ್ದರೆ ಮತ್ತೊಂದು ದಿನ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ ಬಾಕಿ ಇರುವ ಕ್ರಿಮಿನಲ್ ಪ್ರಕರಣದ ಬಗ್ಗೆ ಬರೆಯಬೇಕು. ರಾಜದ್ರೋಹ ಎಂಬ ಪದ ಬರೆದ ಮೇಲೆ ಆ ಅರ್ಜಿಯನ್ನು ಯಾರು ಮುಂದಕ್ಕೆ ಓದುತ್ತಾರೆ? ಮೀಸಲಾತಿಯಿಂದ ತೆರೆದ ಬಾಗಿಲು ಪೊಲೀಸ್ ಪರಿಶೀಲನೆಯಲ್ಲಿ ಮುಚ್ಚುತ್ತದೆ.

ಹೀಗೆ ಒಂಬತ್ತು ವರ್ಷ ಏಳು ತಿಂಗಳು ಕಳೆದವು. 2021ರ ಅಕ್ಟೋಬರ್ 21ರಂದು ಮಂಗಳೂರಿನ ಜಿಲ್ಲಾ ನ್ಯಾಯಾಲಯ ಇಬ್ಬರನ್ನೂ ದೋಷಮುಕ್ತಗೊಳಿಸಿತು. ಭಗತ್ ಸಿಂಗ್ ಪುಸ್ತಕ ಇಟ್ಟುಕೊಳ್ಳುವುದಾಗಲಿ ಪತ್ರಿಕೆ ಓದುವುದಾಗಲಿ ಕಾನೂನಿನಲ್ಲಿ ನಿಷಿದ್ಧವಲ್ಲ ಎಂದಿತು. ಚುನಾವಣೆ ಬಹಿಷ್ಕಾರದ ಪತ್ರದಲ್ಲಿದ್ದದ್ದು ಸ್ಥಳೀಯ ಜನರ ಬೇಡಿಕೆಗಳು ಎಂದು ಕಂಡಿತು. ನಕ್ಸಲರಿಗೆ ನೆರವು ನೀಡಿದ್ದಕ್ಕೆ ಸಾಕ್ಷ್ಯ ಇರಲಿಲ್ಲ. ಅಷ್ಟು ಹೊತ್ತಿಗೆ ವಿಠಲ ಅವರು ಕನ್ನಡ ದಿನಪತ್ರಿಕೆಯೊಂದರಲ್ಲಿ ಪತ್ರಕರ್ತರಾಗಿದ್ದರು. ಓದು ಮುಗಿಸಿದರು, ಓದಿದ ಕೆಲಸವನ್ನೇ ಹಿಡಿದರು. ಇದು ಅವರ ಹಟ, ಜೊತೆಗೆ ನಿಂತ ವಕೀಲರ, ಸಂಗಾತಿಗಳ ಹಟ. ವ್ಯವಸ್ಥೆ ಸರಿಯಾಗಿದೆ ಎಂಬುದಕ್ಕೆ ಇದನ್ನು ಉದಾಹರಣೆಯಾಗಿ ಕೊಡುವವರಿದ್ದಾರೆ. ಪತ್ರಿಕೆ ಓದುವುದು ಅಪರಾಧವಲ್ಲ ಎಂಬ ವಾಕ್ಯವನ್ನು ಬರೆಯಲು ಒಂದು ನ್ಯಾಯಾಲಯ ಸುಮಾರು ಹತ್ತು ವರ್ಷದ ನಂತರ ಕೂರಬೇಕಾಯಿತು ಎಂಬುದನ್ನೂ ಅವರು ಜೊತೆಗೆ ಹೇಳಬೇಕು.

ಇದೇ ಕಾಲದಲ್ಲಿ ಬಸ್ತರಿನ ದಂತೇವಾಡದಲ್ಲಿ ಇಂಥದೇ ಇನ್ನೊಂದು ಕತೆ ನಡೆಯುತ್ತಿತ್ತು. ಲಿಂಗಾರಾಮ್ ಕೊಡೋಪಿ ಎಂಬ ಗೊಂಡ ಯುವಕನನ್ನು ವಿಶೇಷ ಪೊಲೀಸ್ ಅಧಿಕಾರಿಯಾಗು ಎಂದು 2009ರಲ್ಲಿ ಪೊಲೀಸರು ಹಿಡಿದಿಟ್ಟಿದ್ದರು. ಹೈಕೋರ್ಟಿನ ಮೊರೆ ಹೋದ ಮೇಲೆ ಬಿಟ್ಟರು. ಅಂದಿನ ಬಸ್ತರಿನಲ್ಲಿ ಓದುಬರಹ ಬಲ್ಲ ಆದಿವಾಸಿ ಹುಡುಗರನ್ನು ಈ ಹುದ್ದೆಗೆ, ಕೈಗೆ ಬಂದೂಕು ಕೊಟ್ಟು, ಸೇರಿಸಿಕೊಳ್ಳುತ್ತಿದ್ದರು. ಈ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು 2011ರ ಜುಲೈನಲ್ಲಿ ನಂದಿನಿ ಸುಂದರ್ ಪ್ರಕರಣದಲ್ಲಿ ಹೇಳಿತು. ಶಾಲೆಗಳಲ್ಲಿ ಬೀಡುಬಿಟ್ಟ ಪಡೆಗಳನ್ನು ತೆರವು ಮಾಡುವ ಮಾತೂ ಅದೇ ವಿಚಾರಣೆಯಲ್ಲಿ ಬಂತು. ಲಿಂಗಾರಾಮ್ ಬಂದೂಕು ಒಲ್ಲೆ ಎಂದು ನೋಯ್ಡಾಕ್ಕೆ ಹೋಗಿ ಪತ್ರಿಕೋದ್ಯಮ ಕಲಿತರು. ಊರಿಗೆ ಬಂದರು. 2011ರ ಸೆಪ್ಟೆಂಬರಿನಲ್ಲಿ, ಕಂಪನಿಯೊಂದರಿಂದ ನಕ್ಸಲರಿಗೆ ಹಣ ಸಾಗಿಸಿದರೆಂಬ ಆರೋಪದ ಮೇಲೆ ಬಂಧನವಾಯಿತು. ಅದೇ ಪ್ರಕರಣದಲ್ಲಿ ಅವರ ಚಿಕ್ಕಮ್ಮ, ಶಾಲಾ ಶಿಕ್ಷಕಿ ಸೋನಿ ಸೋರಿಯವರೂ ಆರೋಪಿ. ಎರಡು ವರ್ಷಕ್ಕೂ ಹೆಚ್ಚು ಕಾಲ ಜೈಲು, ಆಮೇಲೆ ಸುಪ್ರೀಂ ಕೋರ್ಟಿನಿಂದ ಜಾಮೀನು. 2022ರ ಮಾರ್ಚಿನಲ್ಲಿ ದಂತೇವಾಡದ ನ್ಯಾಯಾಲಯ ಇಬ್ಬರನ್ನೂ ದೋಷಮುಕ್ತಗೊಳಿಸಿತು.

ಬಂಧನಗಳ ನಡುವೆ ಆರು ತಿಂಗಳು. ಬಿಡುಗಡೆಗಳ ನಡುವೆ ಐದು ತಿಂಗಳು. ಇಬ್ಬರೂ ಆದಿವಾಸಿಗಳು, ಇಬ್ಬರೂ ಪತ್ರಿಕೋದ್ಯಮದ ವಿದ್ಯಾರ್ಥಿಗಳು. ಕಾಕತಾಳೀಯ ಎನ್ನಬಹುದು. ಆದರೆ ಪತ್ರಿಕೋದ್ಯಮವೇ ಏಕೆ ಎಂದು ಯೋಚಿಸಿದರೆ ಒಂದು ವಿಷಯ ಹೊಳೆಯುತ್ತದೆ. ಸಂಘರ್ಷದ ಪ್ರದೇಶದಲ್ಲಿ ನಡೆಯುವುದನ್ನು ಹೊರಗೆ ಹೇಳುವವರು ಎರಡೇ ಕಡೆಯವರು, ಪೊಲೀಸರ ಪ್ರಕಟಣೆ ಮತ್ತು ನಕ್ಸಲರ ಕರಪತ್ರ. ಅಲ್ಲಿಯೇ ಹುಟ್ಟಿ, ಅಲ್ಲಿನ ಮಾತು ಬಲ್ಲ ಮೂರನೆಯವನೊಬ್ಬ ಬರೆಯಲು ಕಲಿತುಬಿಟ್ಟರೆ ಎರಡೂ ಕಡೆಯವರಿಗೆ ಇರುಸುಮುರುಸು. ಪೊಲೀಸರ ಅನುಮಾನಕ್ಕೆ ಒಂದು ಹಿನ್ನೆಲೆ ಇತ್ತು ಎಂಬುದನ್ನೂ ಹೇಳಬೇಕು. ಸಾಕೇತ್ ರಾಜನ್ ಕೂಡ ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆಯಲ್ಲಿ ಪತ್ರಿಕೋದ್ಯಮ ಓದಿದವರೇ. ಪೇಟೆಯಲ್ಲಿ ಓದಿ ಕಾಡಿಗೆ ಹೋದ ಒಬ್ಬರನ್ನು ಕಂಡು, ಕಾಡಿನಿಂದ ಪೇಟೆಗೆ ಓದಲು ಹೋದವರನ್ನೂ ಅದೇ ಕಣ್ಣಿನಿಂದ ನೋಡಿದರೆ ದಿಕ್ಕೇ ತಪ್ಪುತ್ತದೆ. ಆದಿವಾಸಿ ಹುಡುಗ ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದಾನೆ ಎಂದರೆ ಅವನು ಸಂವಿಧಾನ ತೋರಿಸಿದ ದಾರಿಯಲ್ಲೇ ನಡೆಯುತ್ತಿದ್ದಾನೆ ಎಂಬುದು ಎಷ್ಟು ಸರಳ ವಿಷಯ.

ಸರ್ಕಾರಗಳು ಏನೂ ಮಾಡಿಲ್ಲ ಎಂದೇನಿಲ್ಲ. ಬಸ್ತರಿಗೆ 2008ರಲ್ಲಿ ವಿಶ್ವವಿದ್ಯಾಲಯ ಬಂತು. ಅಮರಕಂಟಕದ ಇಂದಿರಾ ಗಾಂಧಿ ರಾಷ್ಟ್ರೀಯ ಬುಡಕಟ್ಟು ವಿಶ್ವವಿದ್ಯಾಲಯ ಶುರುವಾದದ್ದೂ ಅದೇ ವರ್ಷ. ಮಹಾರಾಷ್ಟ್ರ 2011ರಲ್ಲಿ ಗಡಚಿರೋಲಿ ಮತ್ತು ಚಂದ್ರಪುರ ಜಿಲ್ಲೆಗಳಿಗಾಗಿ ಗೊಂಡವಾನಾ ವಿಶ್ವವಿದ್ಯಾಲಯ ಮಾಡಿತು. ಅದಕ್ಕೂ ಮೊದಲು ಆ ಕಾಲೇಜುಗಳು ನಾಗಪುರಕ್ಕೆ ಸೇರಿದ್ದವು. ಕರ್ನಾಟಕ 2022ರಲ್ಲಿ ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇ. 3ರಿಂದ 7ಕ್ಕೆ ಏರಿಸಿತು. ಕಟ್ಟಡ ಬೇಕು, ಸೀಟು ಬೇಕು, ಹಾಸ್ಟೆಲಿನಲ್ಲಿ ಊಟ ಚೆನ್ನಾಗಿರಬೇಕು. ಆದರೆ ತನ್ನ ವಿದ್ಯಾರ್ಥಿಯೊಬ್ಬ ಬಂಧನವಾದ ದಿನ ವಿಶ್ವವಿದ್ಯಾಲಯ ಏನು ಮಾಡಬೇಕು ಎಂಬ ಪ್ರಶ್ನೆಗೆ ಇವುಗಳಲ್ಲಿ ಯಾವುದೂ ಉತ್ತರವಲ್ಲ. ಇಗ್ನೋ ಜೈಲುಗಳಲ್ಲಿ ಅಧ್ಯಯನ ಕೇಂದ್ರ ನಡೆಸುತ್ತದೆ, ಶಿಕ್ಷೆಯಾದ ಕೈದಿಗಳೂ ಅಲ್ಲಿ ಪದವಿ ಪಡೆಯುತ್ತಾರೆ. ಎಂದರೆ ಜೈಲಿಗೆ ಪಾಠ ಮುಟ್ಟಿಸುವುದು ಅಸಾಧ್ಯವಲ್ಲ. ಸಾಮಾನ್ಯ ವಿಶ್ವವಿದ್ಯಾಲಯವೊಂದು ಹಾಜರಾತಿಯ ನಿಯಮದಲ್ಲಿ ಒಂದು ವಾಕ್ಯ ಸೇರಿಸಿದರೆ, ಅಂದರೆ ಅಪರಾಧ ಸಾಬೀತಾಗದ ಬಂಧನದ ದಿನಗಳನ್ನು ಲೆಕ್ಕದಿಂದ ಬಿಡಲಾಗುವುದು ಎಂದು ಬರೆದರೆ, ಖರ್ಚಿಲ್ಲದೆ ಒಂದು ವರ್ಷ ಉಳಿಯುತ್ತದೆ.

ಕಾಡಿನ ಮಗು ಎಲ್ಲಿಯವರೆಗೆ ಓದೀತು ಎಂದು ನಮ್ಮ ಒಳ್ಳೆಯ ಕಾನೂನುಗಳು ಊಹಿಸಿವೆ ಎಂಬುದನ್ನು ನೋಡಬೇಕಾದರೆ 2006ರ ಅರಣ್ಯ ಹಕ್ಕು ಕಾಯ್ದೆಯನ್ನು ತೆರೆಯಬಹುದು. ಆ ಕಾಯ್ದೆಯಿಂದ ಲಕ್ಷಾಂತರ ಜನರಿಗೆ ಉಪಕಾರವಾಗಿದೆ, ಅದರಲ್ಲಿ ಅನುಮಾನವಿಲ್ಲ. ಗ್ರಾಮಸಭೆ ಶಿಫಾರಸು ಮಾಡಿದರೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು ಕೆಲವು ಸೌಲಭ್ಯಗಳಿಗೆ ಬಳಸಬಹುದು ಎಂದು ಅದು ಹದಿಮೂರು ಹೆಸರು ಪಟ್ಟಿ ಮಾಡಿದೆ. ಶಾಲೆ ಇದೆ, ಅಂಗನವಾಡಿ ಇದೆ, ಆಸ್ಪತ್ರೆ, ನ್ಯಾಯಬೆಲೆ ಅಂಗಡಿ, ರಸ್ತೆ, ವಿದ್ಯುತ್ ತಂತಿ, ವೃತ್ತಿ ತರಬೇತಿ ಕೇಂದ್ರ ಇವೆ. ಕಾಲೇಜು ಇಲ್ಲ. ಕಾಡಿನ ನಡುವೆ ಕಾಲೇಜು ಕಟ್ಟುವುದು ಯಾರಿಗೂ ಬೇಡ, ಸರಿಯೇ. ಹಾಗಾದರೆ ಕಾಲೇಜಿಗೆ ಹೋಗುವವರ ಹಾಸ್ಟೆಲ್ಲಾದರೂ, ಗ್ರಂಥಾಲಯವಾದರೂ ಪಟ್ಟಿಯಲ್ಲಿ ಇರಬಹುದಿತ್ತು. ಶಾಲೆಯ ನಂತರ ನೇರವಾಗಿ ಹೊಲಿಗೆ ಯಂತ್ರ, ವೆಲ್ಡಿಂಗ್ ಎಂಬ ಕಲ್ಪನೆ ಎಷ್ಟು ಸಹಜವಾಗಿ ಬಂದುಬಿಟ್ಟಿದೆ ಎಂದರೆ ಅದನ್ನು ಯಾರೂ ಗಮನಿಸುವುದೂ ಇಲ್ಲ.

ಕುತ್ಲೂರಿನ ಸುತ್ತಿನ ಕತೆ ಈಚೆಗೆ ಬೇರೆ ತಿರುವು ಪಡೆದಿದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ದೇಶದ ಅತ್ಯುತ್ತಮ ಪ್ರವಾಸಿ ಗ್ರಾಮಗಳನ್ನು ಆರಿಸಿದಾಗ ಸಾಹಸ ಪ್ರವಾಸದ ವಿಭಾಗದಲ್ಲಿ ಕುತ್ಲೂರಿನ ಹೆಸರಿತ್ತು. ಅದೇ ನವೆಂಬರ್ 18ರಂದು ಹೆಬ್ರಿ ತಾಲೂಕಿನ ಕಬ್ಬಿನಾಲೆಯ ಪೀತಬೈಲಿನಲ್ಲಿ ವಿಕ್ರಂ ಗೌಡ ಎನ್‌ಕೌಂಟರಿನಲ್ಲಿ ಸತ್ತರು. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಆರು ಮಂದಿ ಶರಣಾದರು. ಅವರಲ್ಲಿ ಕುತ್ಲೂರಿನ ಸುಂದರಿಯೂ ಇದ್ದರು. 2012ರ ಆರೋಪದಲ್ಲಿ ವಿಠಲ ಅವರ ಹೆಸರಿನ ಜೊತೆಗೆ ಬಂದಿದ್ದ ಎರಡು ಹೆಸರುಗಳ ಕತೆ ಹೀಗೆ ಎರಡು ತಿಂಗಳ ಒಳಗೆ ಮುಗಿದವು. ಮುಂದಿನ ತಿಂಗಳು ಇನ್ನಿಬ್ಬರು ಶರಣಾದ ಮೇಲೆ ಕರ್ನಾಟಕ ನಕ್ಸಲ್ ಮುಕ್ತವಾಯಿತು ಎಂದು ಸರ್ಕಾರ ಹೇಳಿತು.

ಶರಣಾದವರಿಗೆ ಸರ್ಕಾರದ ಪುನರ್ವಸತಿ ನೀತಿ ಇದೆ. ಹಣ, ತರಬೇತಿ, ಕಾನೂನಿನ ನೆರವು ಎಲ್ಲವನ್ನೂ ಅದರಲ್ಲಿ ವರ್ಗವಾರು ಬರೆದಿದ್ದಾರೆ. ಇರಬೇಕಾದದ್ದೇ. ಇಪ್ಪತ್ತು ವರ್ಷ ಕಾಡಿನಲ್ಲಿದ್ದು ಬಂದವರು ಬದುಕಬೇಕಲ್ಲ. ಬಂದೂಕು ಮುಟ್ಟದೆ, ಆರೋಪ ಹೊತ್ತು, ಓದಿನ ವಯಸ್ಸನ್ನು ಕೋರ್ಟಿನ ಕಟ್ಟೆಯಲ್ಲಿ ಕಳೆದು, ನಿರಪರಾಧಿ ಎನಿಸಿಕೊಂಡು ಹೊರಬಂದವರಿಗೆ ಯಾವ ನೀತಿಯೂ ಇಲ್ಲ. ತಪ್ಪು ಮೊಕದ್ದಮೆಗೆ ಗುರಿಯಾದವರಿಗೆ ಪರಿಹಾರ ಕೊಡಲು ಒಂದು ಕಾನೂನು ಬೇಕು, ಆ ಪರಿಹಾರದಲ್ಲಿ ಹಣದ ಜೊತೆಗೆ ಸಲಹೆ, ತರಬೇತಿಯಂಥ ನೆರವೂ ಸೇರಿರಬೇಕು ಎಂದು ಭಾರತದ ಕಾನೂನು ಆಯೋಗ 2018ರಲ್ಲಿ ತನ್ನ 277ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಕ್ರಿಮಿನಲ್ ಕಾನೂನುಗಳನ್ನು 2023ರಲ್ಲಿ ಪೂರ್ತಿಯಾಗಿ ಹೊಸದಾಗಿ ಬರೆದಾಗಲೂ ಆ ಶಿಫಾರಸು ಅವುಗಳೊಳಗೆ ಬರಲಿಲ್ಲ. ಕಳೆದುಹೋದ ಒಂದು ಶೈಕ್ಷಣಿಕ ವರ್ಷಕ್ಕೆ ಯಾವ ಕಚೇರಿಯ ಯಾವ ಕಿಟಕಿಯಲ್ಲಿ ಅರ್ಜಿ ಕೊಡಬೇಕು ಎಂದು ಕೇಳಿದರೆ, ಆ ಕಿಟಕಿ ಇನ್ನೂ ಆಗಿಲ್ಲ.